ಯಲವಿಗಿ ನಿಲ್ದಾಣದಲ್ಲಿ

ಸವಣೂರು ಪಟ್ಟಣದವರಿಗೆ ರೈಲೆಂದರೆ ಅದೇ ತಾಲೂಕಿನ ಯಲವಿಗಿ. ಹಾನಗಲ್ಲಿನವರು ಹಾವೇರಿಗೆ ಬರಬೇಕು. ಹಿರೇಕೆರೂರಿನವರು ಬ್ಯಾಡಗಿಗೋ ರಾಣೆಬೆನ್ನೂರಿಗೋ ಹೋಗಬೇಕು. ಶಿಗ್ಗಾಂವಿಗೆ ಹೆದ್ದಾರಿ ಒದಗಿತು, ಹಳಿ ಒದಗಲಿಲ್ಲ. ಆ ತಾಲೂಕಿನ ಶಿಶುನಾಳಕ್ಕೆ ಹೋಗುವ ಯಾತ್ರಿಕರು ಗುಡಗೇರಿಯಲ್ಲಿ ಇಳಿಯುತ್ತಾರೆ. ಹೀಗೆ ನಾಲ್ಕೂ ತಾಲೂಕುಗಳಿಗೆ ಆಧಾರವಾದುದು 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯವರು ಹಾಕಿದ ಹುಬ್ಬಳ್ಳಿ–ಹರಿಹರ ಮಾರ್ಗವೊಂದೇ. ಸರಕಿನ ಗಾಡಿಗೂ ಜನರ ಗಾಡಿಗೂ ಅದೊಂದೇ ದಾರಿ.

ಹಾನಗಲ್ಲ ವಿರಕ್ತಮಠದ ಪೂಜ್ಯ ಶ್ರೀ ಕುಮಾರ ಶಿವಯೋಗಿಗಳು 1909ರಲ್ಲಿ ಸ್ಥಾಪಿಸಿದ ಶಿವಯೋಗಮಂದಿರಕ್ಕೆ ನಾವು ಹೋಗುತ್ತಿದ್ದುದೂ ಹಾವೇರಿಯಲ್ಲಿ ಗಾಡಿ ಹತ್ತಿ, ಹುಬ್ಬಳ್ಳಿ, ಗದಗಗಳ ಮೂಲಕವೇ. ಅದು ಮೀಟರ್ ಗೇಜ್ ಕಾಲ. ಎರಡು ನಿಲ್ದಾಣಗಳ ನಡುವೆ ಒಂದೇ ಜೋಡು ಕಂಬಿ. ಸ್ಟೇಶನ್ ಮಾಸ್ತರರು ಯಂತ್ರದಿಂದ ತೆಗೆದುಕೊಟ್ಟ ಟೋಕನ್ ಕೈಸೇರದೆ ಚಾಲಕನು ಮುಂದೆ ಸಾಗುವಂತಿರಲಿಲ್ಲ. ಒಂದು ಹೊರಬಂದಿರುವಾಗ ಇನ್ನೊಂದು ಬರುವಂತೆಯೂ ಇರಲಿಲ್ಲ. ಅದನ್ನು ದೊಡ್ಡ ಬಳೆಗೆ ಕಟ್ಟಿದ ಚೀಲದಲ್ಲಿಟ್ಟು, ಓಡುವ ಗಾಡಿಯ ಚಾಲಕನ ತೋಳಿಗೆ ಸಿಕ್ಕುವಂತೆ ಎತ್ತಿ ಹಿಡಿಯುವ ಪೋರ್ಟರನ ಚಾತುರ್ಯವನ್ನು ನೋಡಲೆಂದೇ ನಾವು ಕಿಟಕಿಗೆ ಮುಗಿಬೀಳುತ್ತಿದ್ದೆವು.

1990ರ ದಶಕದಲ್ಲಿ ಬ್ರಾಡ್ ಗೇಜ್ ಬಂದಿತು. ಇತ್ತೀಚೆಗೆ ಹುಬ್ಬಳ್ಳಿ–ಚಿಕ್ಕಜಾಜೂರು ನಡುವಣ ಸುಮಾರು 190 ಕಿ.ಮೀ. ಉದ್ದಕ್ಕೂ ಎರಡನೆಯ ಹಳಿಯೂ ಬಿದ್ದಿದೆ. ಎದುರು ಗಾಡಿಗಾಗಿ ಕಾಯುವುದು ತಪ್ಪಿತು. ಹಿಂದಿನಿಂದ ಬರುವ ವೇಗದ ಗಾಡಿಗಾಗಿ ಕಾಯುವುದು ಮಾತ್ರ ತಪ್ಪಲಿಲ್ಲ. ಸರಕಿನ ಗಾಡಿ ಉದ್ದದಲ್ಲಿ ಹೆಚ್ಚುಕಡಿಮೆ 700 ಮೀಟರ್. ನಿಲ್ದಾಣದ ಪಕ್ಕದ ಹಳಿ ಅದಕ್ಕೆ ತಕ್ಕಷ್ಟು ಉದ್ದವಿದ್ದಲ್ಲಿ ಮಾತ್ರ ಅದನ್ನು ಬದಿಗೆ ಸರಿಸಬಹುದು. ಜನರ ಸಾಮಾನ್ಯ ಪ್ಯಾಸೆಂಜರನ್ನು ಎಲ್ಲಿ ಬೇಕಾದರೂ ಸರಿಸಬಹುದು. ಸುಲಭವಾದುದನ್ನೇ ಮೊದಲು ಮಾಡುವುದು ಲೋಕರೂಢಿಯಷ್ಟೆ!

ಈಚೆಗೆ ಯಲವಿಗಿಯಲ್ಲಿ ನಮ್ಮ ಪ್ಯಾಸೆಂಜರ್ ಹೀಗೆಯೇ ನಿಂತಿತು. ಆಚೆ ಬದಿಗೆ ಸರಕಿನ ಗಾಡಿಯೊಂದು ಮೊದಲೇ ನಿಂತಿತ್ತು. ನಡುವಿನ ಹಳಿಯಲ್ಲಿ, 2023ರ ಜೂನ್‌ನಲ್ಲಿ ಆರಂಭವಾದ ಬೆಂಗಳೂರು–ಧಾರವಾಡ ವಂದೇ ಭಾರತ್ ಧೂಳೆಬ್ಬಿಸಿ ಹೋಯಿತು. ಎದುರಿಗೆ ಕುಳಿತಿದ್ದ ತಾಯಿಯೊಬ್ಬಳು ಮೊಮ್ಮಗನನ್ನು ಹುಬ್ಬಳ್ಳಿಯ ದವಾಖಾನೆಗೆ ಕರೆದೊಯ್ಯುತ್ತಿದ್ದಳು.

"ಅಯ್ಯನವರ, ಡಾಕ್ಟರು ಒಂದು ಗಂಟೆಗೆ ಎದ್ದು ಹೋಗತಾರಂತ್ರಿ. ನಮ್ಮ ಗಾಡಿ ಯಾವಾಗ ಬಿಡತೈತ್ರಿ?" ಎಂದಳು.

ನನ್ನಲ್ಲಿ ಉತ್ತರವಿರಲಿಲ್ಲ. ವೇಗದ ಗಾಡಿ ಬೇಡವೆನ್ನಲಾರೆ. ಸರಕು ನಿಂತರೆ ನಾಡಿನ ಒಲೆಗಳೂ ನಿಂತಾವು. ಆದರೆ ಎರಡನೆಯ ಹಳಿಯಿಂದ ದೊರೆತ ಅವಕಾಶದಲ್ಲಿ ಮೊದಲ ಪಾಲು ರಾಣೆಬೆನ್ನೂರು–ಹುಬ್ಬಳ್ಳಿ ನಡುವೆ ಊರೂರಿಗೂ ನಿಲ್ಲುವ ಗಾಡಿಗೆ ಸಲ್ಲಬೇಕೆಂದು ನನಗೆ ತೋರುತ್ತದೆ. ದವಾಖಾನೆ, ಕಾಲೇಜು, ಕೋರ್ಟುಗಳಿಗೆ ಹೋಗುವ ಬಡವರು ಹತ್ತುವುದು ಅದನ್ನೇ.

ಹಸಿರು ದೀಪ ಬಿದ್ದು ನಾವು ಹೊರಟೆವು. ಸರಕಿನ ಗಾಡಿ ಇನ್ನೂ ನಿಂತೇ ಇತ್ತು. ಅದರ ಚಾಲಕನು ಕಿಟಕಿಗೆ ಮೊಳಕೈ ಊರಿ ನಮ್ಮನ್ನೇ ನೋಡುತ್ತಿದ್ದನು.