ಬೋರ್ಡಿಂಗಿನ ದಾರಿ: ಗಡಹಿಂಗ್ಲಜದಿಂದ ಕೊಲ್ಹಾಪುರದವರೆಗೆ



ನಾನು ಲೇಖಕನಲ್ಲ. ಬೆಲ್ಲ, ಮೆಣಸಿನಕಾಯಿಯ ಅಡತಿ ವ್ಯಾಪಾರದಲ್ಲಿ ನಲವತ್ತೈದು ವರ್ಷ ಕಳೆದವನು, ಮ್ಯಾಟ್ರಿಕ್ ವರೆಗೆ ಓದಿದವನು. ಆದರೂ ನಮ್ಮ ಮನೆಯಲ್ಲಿ ನಡೆದ ಒಂದು ವಿಚಾರವು ಇಂದು ಅನೇಕ ಶ್ರಾವಕ ಕುಟುಂಬಗಳಲ್ಲಿ ನಡೆಯುತ್ತಿರುವ ವಿಚಾರವೇ ಆದ್ದರಿಂದ, ಆ ನಿಮಿತ್ತ ಮಾಡಿದ ಒಂದು ಸಣ್ಣ ಪ್ರವಾಸದ ವೃತ್ತಾಂತವನ್ನು ಇಲ್ಲಿ ನಿವೇದಿಸಿಕೊಳ್ಳುತ್ತಿದ್ದೇನೆ.

2024ರ ದೀಪಾವಳಿ. ಬಸದಿಯಲ್ಲಿ ನಿರ್ವಾಣ ಲಾಡು ಅರ್ಪಿಸಿ, ಹೊಸ ವಹಿಗೆ ಪೂಜೆ ಮಾಡಿ ಎರಡು ದಿನವಾಗಿತ್ತು. ಇಚಲಕರಂಜಿಯಿಂದ ಅಳಿಯಂದಿರ ಫೋನು ಬಂತು. "ಮಾಮಾ, ಹುಡುಗನ್ನ ಅಮೇರಿಕಾದ ಬೋರ್ಡಿಂಗ್ ಶಾಲೆಗೆ ಹಾಕಬೇಕಂತ ವಿಚಾರ ನಡದದ. ನೀವು ಒಂದ್ ಸಲ ಬಂದು ಹೋಗ್ರಿ" ಎಂದರು. ಹುಡುಗ ಎಂದರೆ ನನ್ನ ಮಗಳ ಮಗ. ಆಗ ಎಂಟನೆಯ ತರಗತಿ. ಫೋನು ಕೆಳಗಿಟ್ಟವನಿಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಮರುದಿನ ಬೆಳಿಗ್ಗೆ ಎಸ್.ಟಿ. ಬಸ್ಸು ಹಿಡಿದೆ. ನಮ್ಮ ಗಡಹಿಂಗ್ಲಜವು ಹಿರಣ್ಯಕೇಶಿ ನದಿಯ ದಂಡೆಯ ಊರು. ಮಹಾರಾಷ್ಟ್ರದಲ್ಲಿದ್ದರೂ ಪೇಟೆಯಲ್ಲಿ ಕನ್ನಡ, ಮರಾಠಿ ಎರಡೂ ಸಮನಾಗಿ ನಡೆಯುತ್ತವೆ. ಸಂಕೇಶ್ವರದ ಮಾರ್ಗವಾಗಿ ಕೊಲ್ಹಾಪುರಕ್ಕೆ ಹೋಗುವವರು ಸ್ವಲ್ಪ ಹೊತ್ತಿಗೇ ಕರ್ನಾಟಕವನ್ನು ಪ್ರವೇಶಿಸುತ್ತಾರೆ. ಮುಂದೆ ಹೆದ್ದಾರಿ ಹಿಡಿದು ತವಂದಿ ಘಾಟು, ನಿಪ್ಪಾಣಿ ದಾಟಿ, ವೇದಗಂಗೆ, ದೂಧಗಂಗೆಗಳನ್ನು ದಾಟಿ ಕಾಗಲಕ್ಕೆ ಬಂದರೆ ಮತ್ತೆ ಮಹಾರಾಷ್ಟ್ರ. ಒಂದೇ ಪ್ರಯಾಣದಲ್ಲಿ ಎರಡು ಸಲ ಗಡಿ ದಾಟುತ್ತೇವೆ. ನಮಗಿದು ನಿತ್ಯದ ಮಾತು. ಆದರೆ ಶಾಲೆಯ ಸೀಟಿನ ಪ್ರಶ್ನೆ ಬಂದಾಗ ಮಾತ್ರ ಈ ಗೆರೆ ದೊಡ್ಡದಾಗುತ್ತದೆ.

ಘಾಟಿನಲ್ಲಿ ಇಳಿದು ಸ್ತವನಿಧಿಯಲ್ಲಿ ಪಾರ್ಶ್ವನಾಥ ಸ್ವಾಮಿಯ ದರ್ಶನ ಪಡೆದೆ. ದಕ್ಷಿಣ ಮಹಾರಾಷ್ಟ್ರ ಜೈನ ಸಭೆಯು 1899ರಲ್ಲಿ ಸ್ಥಾಪನೆಯಾದದ್ದು ಈ ಕ್ಷೇತ್ರದಲ್ಲಿಯೇ. ಆಗ ನಮ್ಮ ಸಮಾಜದಲ್ಲಿ ಓದಿದವರನ್ನು ಬೆರಳಿನಿಂದ ಎಣಿಸಬಹುದಿತ್ತು. ಬೇಸಾಯ ಅಥವಾ ಅಂಗಡಿ, ಇವೆರಡೇ ದಾರಿ. ಹಳ್ಳಿಯ ಹುಡುಗ ಇಂಗ್ಲಿಷು ಕಲಿಯಬೇಕೆಂದರೆ ಪಟ್ಟಣಕ್ಕೆ ಹೋಗಬೇಕು, ಪಟ್ಟಣದಲ್ಲಿ ಉಳಿಯಲು ಜಾಗವಿಲ್ಲ, ನಮ್ಮ ಆಹಾರ ನಿಯಮಕ್ಕೆ ಒಪ್ಪುವ ಊಟವಿಲ್ಲ. ಆದ್ದರಿಂದಲೇ ಹಿರಿಯರು ಬೋರ್ಡಿಂಗುಗಳನ್ನು ಕಟ್ಟಲು ಹೊರಟರು.

ಕಾಗಲದಿಂದ ಬೆಳ್ಳಿ ಆಭರಣಗಳ ಹುಪರಿಯ ಮಾರ್ಗವಾಗಿ ಇಚಲಕರಂಜಿ ತಲುಪಿದೆ. ಈ ಊರಿನಲ್ಲಿ ಮೊದಲ ಪವರ್‌ಲೂಮು ನಡೆದದ್ದು 1904ರಲ್ಲಿ. ವಿಠ್ಠಲರಾವ್ ದಾತಾರರು ಅದನ್ನು ಹಾಕಿದರು, ಜಹಗೀರದಾರ ನಾರಾಯಣರಾವ್ ಬಾಬಾಸಾಹೇಬ ಘೋರ್ಪಡೆಯವರು ಆಶ್ರಯ ಕೊಟ್ಟರು. ಒಂದು ಮಗ್ಗದಿಂದ ಬೆಳೆದ ಊರು 2022ರಲ್ಲಿ ಮಹಾನಗರಪಾಲಿಕೆಯಾಯಿತು. ಹಗಲು ರಾತ್ರಿ ಮಗ್ಗಗಳ ಸಪ್ಪಳ. ಹೊಸಬರಿಗೆ ಅಲ್ಲಿ ನಿದ್ದೆ ಬರುವುದಿಲ್ಲ, ಅಲ್ಲಿಯವರಿಗೆ ಸಪ್ಪಳ ನಿಂತರೆ ಎಚ್ಚರವಾಗುತ್ತದೆ.

ಆ ಸಂಜೆ ಬೆಳಕಿರುವಾಗಲೇ ಊಟ ಮುಗಿಸಿ ಅಳಿಯಂದಿರು ಕಾಗದಗಳನ್ನು ಹರಡಿದರು. ವಾಚಕರಿಗೂ ಉಪಯೋಗವಾಗಲೆಂದು ತಿಳಿದುಕೊಂಡದ್ದನ್ನು ಬರೆಯುತ್ತೇನೆ. ಅಲ್ಲಿಯ ದೊಡ್ಡ ಬೋರ್ಡಿಂಗ್ ಶಾಲೆಗಳಿಗೆ ಒಂಬತ್ತನೆಯ ತರಗತಿಗೆ ಸೇರುವವರೇ ಹೆಚ್ಚು. ಶಾಲೆ ಸೆಪ್ಟೆಂಬರದ ಸುಮಾರಿಗೆ ಆರಂಭ. ಅರ್ಜಿ ಮಾತ್ರ ಹಿಂದಿನ ಜನವರಿಯ ನಡುವಿಗೇ ಮುಗಿದಿರಬೇಕು. ಅಂದರೆ ಹಿಂದಿನ ದೀಪಾವಳಿಗೆ ಕೆಲಸ ಆರಂಭಿಸಿದರೂ ತಡವೇ. ಎಸ್.ಎಸ್.ಎ.ಟಿ. ಎಂಬ ಪರೀಕ್ಷೆ ಇದೆ, ಅದರಲ್ಲಿ ಗಣಿತ, ಓದು, ಶಬ್ದಜ್ಞಾನ. ಇಂಗ್ಲಿಷು ಮನೆಮಾತಲ್ಲದವರಿಗೆ ಟೋಫೆಲ್‌ನಂಥ ಇನ್ನೊಂದು ಪರೀಕ್ಷೆ ಬೇಡುತ್ತಾರೆ. ಹಿಂದಿನ ವರ್ಷಗಳ ಗುಣಪತ್ರಿಕೆ, ಗಣಿತ ಮತ್ತು ಇಂಗ್ಲಿಷು ಶಿಕ್ಷಕರ ಅಭಿಪ್ರಾಯ ಪತ್ರ, ತಂದೆತಾಯಿಗಳ ಹೇಳಿಕೆ, ಹುಡುಗನು ಸ್ವತಃ ಬರೆದ ಪ್ರಬಂಧ, ಇವಿಷ್ಟಲ್ಲದೆ ಸಂದರ್ಶನವೂ ಉಂಟು. ದೂರದೇಶದವರಿಗೆ ಅದು ಕಂಪ್ಯೂಟರಿನ ಪರದೆಯ ಮೇಲೆ ನಡೆಯುತ್ತದೆ. ಹಲವು ಶಾಲೆಗಳ ಫಲಿತಾಂಶ ಒಂದೇ ದಿನ, ಮಾರ್ಚ್ 10ಕ್ಕೆ. ಒಪ್ಪಿಗೆ ತಿಳಿಸಲು ಏಪ್ರಿಲ್ 10ರ ವರೆಗೆ ಅವಧಿ. ಸೀಟು ಸಿಕ್ಕ ಮೇಲೆ ಶಾಲೆಯವರು ಐ-20 ಎಂಬ ಕಾಗದ ಕಳಿಸುತ್ತಾರೆ. ಅದನ್ನೂ, ಫೀ ತುಂಬುವ ಹಣ ನಮ್ಮಲ್ಲಿದೆ ಎಂಬ ಪುರಾವೆಯನ್ನೂ ತೋರಿಸಿ ಎಫ್-1 ವೀಸಾ ಪಡೆಯಬೇಕು.

ನಾನು ವ್ಯಾಪಾರಿ, ಮೊದಲು ಕೇಳಿದ್ದು ಖರ್ಚು. ವರ್ಷಕ್ಕೆ 70 ಸಾವಿರ ಡಾಲರ್ ದಾಟಿದ ಶಾಲೆಗಳು ಹಲವು. ಆಗಿನ ನಮ್ಮ ಲೆಕ್ಕದಲ್ಲಿ ಸುಮಾರು 60 ಲಕ್ಷ ರೂಪಾಯಿ. ನಾಲ್ಕು ವರ್ಷಕ್ಕೆ ಎರಡು ಕೋಟಿ ನಲವತ್ತು ಲಕ್ಷ. ಸಹಾಯಧನ ಉಂಟು, ಆದರೆ ಪರದೇಶದ ಮಕ್ಕಳಿಗೆ ಬಹಳ ಶಾಲೆಗಳು ಅದನ್ನು ಕೈ ಬಿಗಿಹಿಡಿದು ಕೊಡುತ್ತವೆ. ಅದಕ್ಕೆ ಆದಾಯದ ಕಾಗದಗಳೊಂದಿಗೆ ಬೇರೆ ಅರ್ಜಿ.

"ಸಹಾಯ ಸಿಗದಿದ್ರ ಹೆಂಗ್ರಿ?" ಎಂದೆ. ಅಳಿಯಂದಿರು ಸುಮ್ಮನಾದರು. ಮಗಳು ಹೇಳಿದಳು, "ಅಪ್ಪಾ, ಗೋಡೌನು ಅಡವಿಟ್ರ ಆದೀತಂತ ನಾವು ಮಾತಾಡಿದ್ವಿ. ನೀವು ಹೂಂ ಅಂದ್ರ ಮಾತ್ರ." ಗೋಡೌನು ನನ್ನ ಹೆಸರಿನಲ್ಲಿದೆ. ನನ್ನನ್ನು ಕರೆಸಿದ ಕಾರಣ ಆಗ ತಿಳಿಯಿತು.

ನಾನು ಖರ್ಚಿನ ಮಾತನ್ನು ಬಿಟ್ಟು ಧರ್ಮದ ಮಾತು ತೆಗೆದೆ. ಡಿಸೆಂಬರದಲ್ಲಿ ಆ ದೇಶದ ಉತ್ತರ ಭಾಗದಲ್ಲಿ ಸಂಜೆ ನಾಲ್ಕೂವರೆಯ ಒಳಗೇ ಸೂರ್ಯಾಸ್ತ. ರಾತ್ರಿಭೋಜನ ತ್ಯಾಗ ಹೇಗೆ ನಡೆಸುತ್ತಾನೆ? ಗೆಡ್ಡೆ ಗೆಣಸು ಇಲ್ಲದ ಅಡಿಗೆ ಯಾರು ಮಾಡುತ್ತಾರೆ? ನನ್ನ ಪ್ರಶ್ನೆಗಳು ಸುಳ್ಳಲ್ಲ. ಆದರೆ ಅವು ನನ್ನ ನಿಜವಾದ ಕಾರಣವೂ ಆಗಿರಲಿಲ್ಲ. "ನಾಳೆ ಹುಡುಗನ್ನ ಕರಕೊಂಡು ಬಾಹುಬಲಿಗೂ ಕೊಲ್ಹಾಪುರಕ್ಕೂ ಹೋಗಿ ಬರ್ತೀನಿ, ಆಮೇಲೆ ಹೇಳ್ತೀನಿ" ಎಂದೆ.

ಹಾತಕಣಂಗಲೆಯ ಮಾರ್ಗವಾಗಿ ಕುಂಭೋಜದ ಬಾಹುಬಲಿಗೆ ಹೋದೆವು. 1934ರಲ್ಲಿ ಸಮಂತಭದ್ರ ಮಹಾರಾಜರು ಇಲ್ಲಿ ಬ್ರಹ್ಮಚರ್ಯಾಶ್ರಮವನ್ನು ಸ್ಥಾಪಿಸಿದರು. ಅದಕ್ಕೂ ಮೊದಲು 1918ರಲ್ಲಿ ವಿದರ್ಭದ ಕಾರಂಜಾದಲ್ಲಿ ಇಂಥದೇ ಗುರುಕುಲವನ್ನು ತೆರೆದಿದ್ದರು. ಲೌಕಿಕ ವಿದ್ಯೆ, ಧಾರ್ಮಿಕ ಸಂಸ್ಕಾರ ಎರಡೂ ಒಂದೇ ಸೂರಿನಡಿ ದೊರೆಯಬೇಕೆಂಬುದು ಅವರ ಧ್ಯೇಯ. 1963ರಲ್ಲಿ ಪ್ರತಿಷ್ಠೆಗೊಂಡ 28 ಅಡಿಯ ಅಮೃತಶಿಲೆಯ ಬಾಹುಬಲಿ ಸ್ವಾಮಿಯ ಎದುರು ಹುಡುಗನು ಬಹಳ ಹೊತ್ತು ನಿಂತನು. ಗುರುಕುಲದ ಹುಡುಗರು ಸಾಲಾಗಿ ಹೋಗುತ್ತಿದ್ದರು. ಅವರಲ್ಲಿ ಒಬ್ಬ ಚಿಕ್ಕವನು ಅಳುಮೋರೆ ಮಾಡಿಕೊಂಡಿದ್ದನು. ಊರಿನ ಹಬ್ಬ ಮುಗಿಸಿ ಬಂದ ಹೊಸ ಹುಡುಗನಿರಬೇಕು.

ಅಲ್ಲಿಯೇ ಮೆಟ್ಟಿಲ ಮೇಲೆ ಕುಳಿತಾಗ ಮೊಮ್ಮಗ ಕೇಳಿದನು, "ಅಜ್ಜಾ, ನೀವು ಯಾವಾಗರ ಬೋರ್ಡಿಂಗದಾಗ ಇದ್ರೇನ್ರಿ?"

ಐವತ್ತು ವರ್ಷ ಯಾರಿಗೂ ಹೇಳದ ಮಾತನ್ನು ಆಗ ಹೇಳಿದೆ. 1973ರ ಜೂನ್. ಏಳನೆಯವರೆಗೆ ನಾನು ಗಡಿಯ ಹಳ್ಳಿಯ ಕನ್ನಡ ಶಾಲೆಯಲ್ಲಿ ಕಲಿತವನು. ನಮ್ಮ ತಂದೆಯವರು ಕೊಲ್ಹಾಪುರದ ಒಂದು ವಸತಿಗೃಹದಲ್ಲಿ ಸೀಟು ದೊರಕಿಸಿ, ಟ್ರಂಕು, ಹಾಸಿಗೆ ಸುರುಳಿ ಕೊಟ್ಟು ಬಿಟ್ಟು ಬಂದರು. ಯಾರೂ ನನಗೆ ತೊಂದರೆ ಕೊಡಲಿಲ್ಲ. ಊಟ ಚೆನ್ನಾಗಿತ್ತು. ಆದರೆ ಮರಾಠಿ ಮಾತಾಡಲು ಬಂದರೂ ಬರೆಯಲು ಬರುತ್ತಿರಲಿಲ್ಲ. ರಾತ್ರಿ ಅವ್ವನ ನೆನಪು. ಹನ್ನೊಂದನೆಯ ದಿನ ಟ್ರಂಕು ಅಲ್ಲಿಯೇ ಬಿಟ್ಟು ಬಸ್ಸು ಹತ್ತಿ ಮನೆಗೆ ಓಡಿ ಬಂದೆ. ತಂದೆಯವರು ಬೈಯಲಿಲ್ಲ. ಮರುವಾರ ತಾವೇ ಹೋಗಿ ಟ್ರಂಕು ತಂದರು, ಅಷ್ಟೆ. ಮುಂದೆ ಗಡಹಿಂಗ್ಲಜದಲ್ಲಿಯೇ ಮ್ಯಾಟ್ರಿಕ್ ಮುಗಿಸಿ ತಕ್ಕಡಿ ಹಿಡಿದೆ. ಹೊಟ್ಟೆಗೆ ಬಟ್ಟೆಗೆ ಕಡಿಮೆಯಾಗಲಿಲ್ಲ. ಆದರೆ ಆ ಹನ್ನೊಂದು ದಿನವನ್ನು ಮರೆಯಲೂ ಇಲ್ಲ.

ಹುಡುಗ ನಗುತ್ತಾನೆಂದು ಭಾವಿಸಿದ್ದೆ. ಅವನು ನಗಲಿಲ್ಲ. "ನನಗೂ ಅಂಜಿಕಿ ಅದ ಅಜ್ಜಾ. ಅಪ್ಪಗ ಹೇಳಬ್ಯಾಡ್ರಿ" ಎಂದನು.

ಮಧ್ಯಾಹ್ನ ಕೊಲ್ಹಾಪುರ ತಲುಪಿದೆವು. ದಸರಾ ಚೌಕಿನ ಸುತ್ತ ನೋಡಿದರೆ ಈ ಊರಿಗೆ ವಿದ್ಯಾರ್ಥಿ ವಸತಿಗೃಹಗಳ ತಾಯಿ ಎಂಬ ಹೆಸರು ಏಕೆ ಬಂತೆಂದು ತಿಳಿಯುತ್ತದೆ. ಛತ್ರಪತಿ ಶಾಹೂ ಮಹಾರಾಜರು 1901ರಲ್ಲಿ ಮರಾಠಾ ಹುಡುಗರ ಬೋರ್ಡಿಂಗಿಗೆ ನೆರವಾದರು. ಮುಂದೆ ಜೈನ, ಮುಸ್ಲಿಂ, ಲಿಂಗಾಯತ ಹೀಗೆ ಒಂದೊಂದು ಸಮಾಜದ ಹುಡುಗರಿಗೂ ಬೋರ್ಡಿಂಗುಗಳಾದವು. ನಮ್ಮ ಜೈನ ಬೋರ್ಡಿಂಗು ಆ ಶತಮಾನದ ಆರಂಭದ ವರ್ಷಗಳದು. ಕುರುಂದವಾಡದಲ್ಲಿ ಹುಟ್ಟಿದ ಅಣ್ಣಾಸಾಹೇಬ ಲಠ್ಠೆಯವರು ಅದರ ಹೊಣೆ ಹೊತ್ತವರಲ್ಲಿ ಪ್ರಮುಖರು. ಅವರೇ ಮುಂದೆ ಕೊಲ್ಹಾಪುರದ ದಿವಾನರಾದರು, 1937ರಲ್ಲಿ ಮುಂಬಯಿ ಪ್ರಾಂತದ ಅರ್ಥಮಂತ್ರಿಗಳಾದರು.

ಆಗ ಕೊಲ್ಹಾಪುರವು ಬೇರೆಯೇ ಸಂಸ್ಥಾನ, ಬೆಳಗಾವಿ ಜಿಲ್ಲೆ ಬ್ರಿಟಿಷರದು. ಆ ಕಡೆಯಿಂದ ಓದಲು ಬಂದ ಕನ್ನಡ ಹುಡುಗನೂ ಒಂದು ರೀತಿಯಲ್ಲಿ ಪರದೇಶದ ವಿದ್ಯಾರ್ಥಿಯೇ. ಸದಲಗಾದಲ್ಲಿ 1906ರಲ್ಲಿ ಹುಟ್ಟಿದ ಡಾ. ಆ. ನೇ. ಉಪಾಧ್ಯೆಯವರು ಇದೇ ಊರಿನ ರಾಜಾರಾಮ ಕಾಲೇಜಿನಲ್ಲಿ ಮೂರು ದಶಕ ಅರ್ಧಮಾಗಧಿ ಕಲಿಸಿದರು, ಪ್ರಾಕೃತ ಗ್ರಂಥಗಳ ಸಂಪಾದನೆಯಿಂದ ಜಗತ್ತಿನ ವಿದ್ವಾಂಸರಿಗೆ ಪರಿಚಿತರಾದರು, 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಗಡಿ ದಾಟಿದರೂ ಅವರು ಕನ್ನಡವನ್ನೂ ಕಳೆದುಕೊಳ್ಳಲಿಲ್ಲ, ಧರ್ಮವನ್ನೂ ಕಳೆದುಕೊಳ್ಳಲಿಲ್ಲ.

ಇನ್ನೊಂದು ಸಂಗತಿಯನ್ನೂ ಮೊಮ್ಮಗನಿಗೆ ಹೇಳಿದೆ. ಕುಂಭೋಜದಲ್ಲಿ 1887ರಲ್ಲಿ ಹುಟ್ಟಿದ ಭಾವುರಾವ್ ಪಾಟೀಲರು ಇದೇ ಜೈನ ಬೋರ್ಡಿಂಗಿನಲ್ಲಿದ್ದರು. ಅಸ್ಪೃಶ್ಯರೆನಿಸಿದ ಮಕ್ಕಳಿಗಾಗಿ 1908ರಲ್ಲಿ ತೆರೆದ ಮಿಸ್ ಕ್ಲಾರ್ಕ್ ಬೋರ್ಡಿಂಗಿನ ಸಮಾರಂಭಕ್ಕೆ ಹೋಗಿ ಬಂದರು. ಶುದ್ಧಿಗಾಗಿ ಸ್ನಾನ ಮಾಡಬೇಕೆಂದರೆ ಒಪ್ಪಲಿಲ್ಲ, ಬೋರ್ಡಿಂಗು ಬಿಡಬೇಕಾಯಿತು ಎಂದು ಅವರ ಚರಿತ್ರೆ ಬರೆದವರು ಹೇಳುತ್ತಾರೆ. ಅವರಿಗೆ ಮ್ಯಾಟ್ರಿಕ್ ಕೂಡ ಆಗಲಿಲ್ಲ. ಆದರೆ 1919ರಲ್ಲಿ ರಯತ ಶಿಕ್ಷಣ ಸಂಸ್ಥೆ ಸ್ಥಾಪಿಸಿ, 1924ರಲ್ಲಿ ಸಾತಾರೆಯಲ್ಲಿ ಎಲ್ಲ ಜಾತಿಯ ಹುಡುಗರೂ ಒಂದೇ ಪಂಕ್ತಿಯಲ್ಲಿ ಉಣ್ಣುವ ಬೋರ್ಡಿಂಗು ನಡೆಸಿದರು. ನಾವು ಹೊರಗೆ ಕಳಿಸಿದ ಹುಡುಗನೇ ಸಾವಿರಾರು ಮಕ್ಕಳನ್ನು ಒಳಗೆ ಕರೆದುಕೊಂಡನು. ಇದನ್ನು ನಮ್ಮ ಸಮಾಜ ಮರೆಯಬಾರದು.

ಇಚಲಕರಂಜಿಗೆ ಮರಳಿ ನಾನು ಹೂಂ ಎಂದೆ. ಗೋಡೌನಿನ ಮಾತಿಗಲ್ಲ, ಅರ್ಜಿಯ ಮಾತಿಗೆ. "ಹುಡುಗ ಪ್ರಯತ್ನ ಮಾಡ್ಲಿ. ಸಹಾಯಧನ ಸಿಕ್ಕರ ಹೋಗ್ಲಿ. ಸಿಗಲಿಲ್ಲ ಅಂದ್ರ ಸಾಲ ಮಾಡಿ ಕಳಸೂದು ಬ್ಯಾಡ. ಅವನ ಅಂಜಿಕಿನೂ ಒಮ್ಮೆ ಕೇಳ್ರಿ" ಎಂದೆ. ಅಳಿಯಂದಿರು ಮಗನ ಮುಖ ನೋಡಿದರು. ಆ ರಾತ್ರಿ ತಂದೆ ಮಗ ಬಹಳ ಹೊತ್ತು ಮಾತಾಡಿದರು.

ಹುಡುಗ ನಾಲ್ಕು ಶಾಲೆಗಳಿಗೆ ಅರ್ಜಿ ಹಾಕಿದನು. ಪ್ರಬಂಧದಲ್ಲಿ ಅಜ್ಜನ ಹನ್ನೊಂದು ದಿನದ ಕಥೆ ಬರೆಯಲೇ ಎಂದು ಕೇಳಿದನು, ಬರೆ ಎಂದೆ. ಸಂದರ್ಶನದಲ್ಲಿ ಅಂಕಗಳನ್ನು ಕೇಳಲಿಲ್ಲವಂತೆ. ಭಾನುವಾರ ಏನು ಮಾಡುತ್ತೀ, ಮನೆ ಏಕೆ ಬಿಡಬಯಸುತ್ತೀ ಎಂದು ಕೇಳಿದರಂತೆ. ಊಟದ ನಿಯಮವನ್ನು ಅವನೇ ಪ್ರಸ್ತಾಪಿಸಿದನಂತೆ. 2025ರ ಮಾರ್ಚ್ 10ರಂದು ಮೂರು ಶಾಲೆಗಳು ಇಲ್ಲ ಎಂದವು. ಒಂದು ಶಾಲೆ ಕಾಯುವವರ ಯಾದಿಯಲ್ಲಿಟ್ಟಿತು. ಅಲ್ಲಿಂದ ಮುಂದೆ ಕರೆ ಬರಲಿಲ್ಲ. ಹುಡುಗ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಇಂಥ ವಿಚಾರದಲ್ಲಿರುವ ಕುಟುಂಬಗಳಿಗೆ ಎರಡು ಮಾತು. ಒಂದು, ಹತ್ತಿರವಿರುವುದನ್ನೂ ನೋಡಿರಿ. ಕಾಗಲದಲ್ಲಿ ನವೋದಯ ವಿದ್ಯಾಲಯವಿದೆ. ಆರನೆಯ ತರಗತಿಗೆ ಪರೀಕ್ಷೆ, ಜಿಲ್ಲೆಯ ನಿವಾಸಿಯಾಗಿರಬೇಕು. ಸಾತಾರಾ, ವಿಜಯಪುರಗಳಲ್ಲಿ ಸೈನಿಕ ಶಾಲೆಗಳಿವೆ. ಆರನೆಯದಕ್ಕೆ ಹತ್ತರಿಂದ ಹನ್ನೆರಡು ವಯಸ್ಸು, ಪರೀಕ್ಷೆಯನ್ನು ಕನ್ನಡದಲ್ಲಿಯೂ ಬರೆಯಬಹುದು. ಆದರೆ ಮೂರರಲ್ಲಿ ಎರಡು ಪಾಲು ಸೀಟು ಆಯಾ ರಾಜ್ಯದವರಿಗೆ. ಮನೆಯಲ್ಲಿ ಕನ್ನಡವಾಡುವ ಗಡಹಿಂಗ್ಲಜದ ಹುಡುಗ ವಿಜಯಪುರಕ್ಕೆ ಹೊರಗಿನವನೇ. ನಿವಾಸದ ದಾಖಲೆಯನ್ನು ಮೊದಲೇ ಸರಿಪಡಿಸಿಕೊಳ್ಳಿರಿ. ಎರಡು, ಫೀಯ ಲೆಕ್ಕ ಹಾಕುವ ಮೊದಲು ಮಗುವಿನ ಮನಸ್ಸನ್ನು ಕೇಳಿರಿ. ನನ್ನನ್ನು ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ಮೊಮ್ಮಗ ತಾನಾಗಿಯೇ, ಕೊಲ್ಹಾಪುರದ ವಸತಿಶಾಲೆಯೊಂದಕ್ಕೆ ಒಂಬತ್ತನೆಯದಕ್ಕೆ ಹೋಗುತ್ತೇನೆಂದನು. ಜೂನ್ ತಿಂಗಳಲ್ಲಿ ಬಿಟ್ಟು ಬಂದೆವು. ಟ್ರಂಕು ನನ್ನದೇ ಹಳೆಯದು, ಹೊಸ ಬಣ್ಣ ಹಚ್ಚಿಸಿದ್ದೆ. ಭಾನುವಾರ ಮಾತ್ರ ಫೋನು ಮಾಡಲು ಅವಕಾಶ. ಎರಡನೆಯ ಭಾನುವಾರ ಅಂಗಡಿಯಲ್ಲಿದ್ದಾಗ ಫೋನು ಬಂತು.

"ಅಜ್ಜಾ, ಜೈ ಜಿನೇಂದ್ರ. ಇವತ್ತಿಗೆ ಹನ್ನೆರಡು ದಿನ ಆದ್ವು ನೋಡ್ರಿ."

ತೂಕ ಮಾಡಿಸುತ್ತಿದ್ದ ರೈತನಿಗೆ ಸ್ವಲ್ಪ ನಿಲ್ಲಲು ಹೇಳಿ ಒಳಗೆ ಹೋಗಿ ನೀರು ಕುಡಿದು ಬಂದೆ.

ಜೈ ಜಿನೇಂದ್ರ.