ಹತ್ತುವುದಕ್ಕಿಂತ ನಿಲ್ಲುವುದು ಮುಖ್ಯ

ಮಲೆನಾಡಿನ ನಮ್ಮ ಮನೆಯ ಹಳೆಯ ಜೀಪು ಎಂಥ ಕೆಸರಿನಲ್ಲೂ ಏರು ಹತ್ತುತ್ತದೆ. ನಿಲ್ಲುವ ವಿಷಯದಲ್ಲಿ ಮಾತ್ರ ಅದನ್ನು ಪೂರ್ತಿ ನಂಬುವಂತಿರಲಿಲ್ಲ.

ಇದರ ಹ್ಯಾಂಡ್ ಬ್ರೇಕ್ 1940ರ ದಶಕದ ಯುದ್ಧಕಾಲದ ಜೀಪುಗಳಿಂದ ಬಂದ ಪದ್ಧತಿಯದು. ಅದು ಹಿಡಿಯುವುದು ಚಕ್ರವನ್ನಲ್ಲ, ಹಿಂದಿನ ಚಕ್ರಗಳಿಗೆ ಬಲ ಒಯ್ಯುವ ಶಾಫ್ಟನ್ನು. ಪಂಕ್ಚರ್ ಆದಾಗ ಒಂದು ಹಿಂಚಕ್ರವನ್ನು ಜಾಕ್ ಹಾಕಿ ಎತ್ತಿದಿರಿ ಎನ್ನಿ. ಶಾಫ್ಟ್ ಅಲುಗದಿದ್ದರೂ ಡಿಫರೆನ್ಷಿಯಲ್ ಮೂಲಕ ಎತ್ತಿದ ಚಕ್ರ ಹಿಮ್ಮುಖವಾಗಿ ತಿರುಗುತ್ತದೆ, ನೆಲದ ಮೇಲಿನದು ಉರುಳುತ್ತದೆ. ಇಳಿಜಾರಾದರೆ ಜೀಪು ಹೊರಟೇಬಿಡಬಹುದು!

ಮಗಳಿಗೆ 18 ತುಂಬಿ, ಜೀಪು ಕಲಿಯುತ್ತೇನೆಂದಾಗ ಮೊದಲು ಹಿಂದಿನ ಡ್ರಮ್ಮುಗಳನ್ನು ಬಿಚ್ಚಿಸಿದೆ. ಸವೆದ ಲೈನಿಂಗ್, ಸೋರುತ್ತಿದ್ದ ವೀಲ್ ಸಿಲಿಂಡರುಗಳನ್ನು ಬದಲಿಸಿ, ಕೇಬಲ್ ಎಳೆದರೆ ಎರಡೂ ಹಿಂಚಕ್ರಗಳ ಬ್ರೇಕ್ ಶೂಗಳೇ ಹಿಡಿಯುವಂತೆ ಮಾಡಿಸಿದೆ.

“ಈ ದುಡ್ಡಿಗೆ ಒಳ್ಳೆ ಟೈರ್ ಹಾಕಿಸಬಹುದಿತ್ತಲ್ಲ ಸಾರ್” ಎಂದ ಮೆಕ್ಯಾನಿಕ್. ಟೈರಿನ ಹೊಸತನ ಎಲ್ಲರಿಗೂ ಕಾಣುತ್ತದೆ, ಬ್ರೇಕಿನದು ಕಾಣುವುದಿಲ್ಲ. ಮಕ್ಕಳ ಕೈಗೆ ಹಳೆಯ ಗಾಡಿ ಕೊಡುವ ತಂದೆತಾಯಿಯರು ಕಾಣದ್ದನ್ನೇ ಮೊದಲು ನೋಡಿಸಬೇಕು.

ಮಗಳಿಗೆ ನಾನು ಕಲಿಸಿದ ಮೊದಲ ಪಾಠ, ಚಕ್ರಕ್ಕೆ ಕಲ್ಲು ಕೊಡುವುದು.

“ಹೊಸ ಬ್ರೇಕ್ ಇದ್ದರೂ ಕಲ್ಲು ಯಾಕಪ್ಪಾ?” ಎಂದಳು.

“ಕೇಬಲ್ಲೂ ಒಂದು ದಿನ ಸವೆಯುತ್ತದಲ್ಲ ಮಗಳೇ” ಎಂದೆ.