ಹೆಂಗಸರ ತಲೆನೋವು

ನನ್ನ ತಂಗಿ ನನಗಿಂತ ಹನ್ನೊಂದು ನಿಮಿಷ ಚಿಕ್ಕವಳು. ಒಂದೇ ಬಸಿರು, ಒಂದೇ ತೊಟ್ಟಿಲು, ಆದಿವಾಲದ ಶಾಲೆಯಲ್ಲಿ ಒಂದೇ ಕ್ಲಾಸು. ಆದರೆ ಅರೆತಲೆನೋವು ಮಾತ್ರ ನನ್ನೊಬ್ಬನ ಪಾಲಿಗೆ ಬಂತು.

ಶುರುವಾಗಿದ್ದು ಪಿಯುಸಿಯಲ್ಲಿ. ಎಡಗಣ್ಣಿನ ಹಿಂದೆ ಯಾರೋ ಹಾರೆ ಹಾಕಿ ಮೀಟಿದ ಹಾಗೆ. ಹೈವೇ ಮೇಲಿನ ಲಾರಿ ಹಾರ್ನ್ ಕೇಳಿದರೆ ಹೊಟ್ಟೆ ತೊಳಸೋದು, ವಾಂತಿ ಆದಮೇಲೆ ಸ್ವಲ್ಪ ಇಳಿಯೋದು. "ಪಿತ್ತ ಕಣಪ್ಪ" ಅಂತ ಅವ್ವ ಶುಂಠಿ ತೇದು ಹಣೆಗೆ ಹಚ್ಚೋಳು. ದೊಡ್ಡಪ್ಪ ಮಾತ್ರ ಜಗಲಿ ಮೇಲೆ ಕೂತು ನಗೋರು. "ಇದೇನ್ಲಾ, ಹೆಂಗಸರಂಗೆ ತಲೆಗೆ ಬಟ್ಟೆ ಕಟ್ಕೊಂಡು ಮಲಗೀಯ?"

ಆ ಮಾತು ಬೆಂಗಳೂರಿಗೂ ನನ್ನ ಜೊತೆ ಬಂತು. ಇವತ್ತಿಗೂ ಆಫೀಸಿಗೆ ರಜೆ ಹಾಕುವಾಗ ಹೊಟ್ಟೆ ಕೆಟ್ಟಿದೆ ಅಂತ ಬರೀತೀನೇ ಹೊರತು ಮೈಗ್ರೇನ್ ಅಂತ ಬರೆಯಲ್ಲ. ಬರೆದರೆ "ಸ್ಕ್ರೀನ್ ಕಮ್ಮಿ ನೋಡು ಗುರೂ" ಅನ್ನೋ ಸಲಹೆ ಪುಕ್ಕಟೆ.

ಸ್ಕ್ರೀನಿನ ಕಾಯಿಲೆ ಇದು ಅನ್ನೋದಕ್ಕೆ ನಿಮ್ಹಾನ್ಸ್‌ನವರ ಸಮೀಕ್ಷೆಯೊಂದು ಉತ್ತರ ಕೊಡುತ್ತದೆ. ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಮನೆ ಮನೆಗೆ ಹೋಗಿ, 18ರಿಂದ 65 ವರ್ಷದೊಳಗಿನ 2,329 ಜನರನ್ನು ಕೇಳಿ, 2015ರಲ್ಲಿ ಪ್ರಕಟಿಸಿದ ಲೆಕ್ಕ ಅದು. ಹೆಚ್ಚುಕಮ್ಮಿ ನಾಲ್ವರಲ್ಲಿ ಒಬ್ಬರಿಗೆ ವರ್ಷದಲ್ಲಿ ಒಮ್ಮೆಯಾದರೂ ಮೈಗ್ರೇನ್ ಬಂದಿತ್ತು. ಗಂಡಸರಿಗಿಂತ ಹೆಂಗಸರಿಗೆ ಸುಮಾರು ಎರಡು ಪಟ್ಟು ಸಾಧ್ಯತೆ. ಪೇಟೆಯವರಿಗಿಂತ ಹಳ್ಳಿಯವರಿಗೇ ಜಾಸ್ತಿ!

ಹೆಂಗಸರಿಗೆ ಯಾಕೆ ಜಾಸ್ತಿ? ಚಿಕ್ಕ ವಯಸ್ಸಿನಲ್ಲಿ ಹುಡುಗ ಹುಡುಗಿಯರಲ್ಲಿ ಅಂಥ ವ್ಯತ್ಯಾಸವಿಲ್ಲ. ಹುಡುಗಿಯರು ದೊಡ್ಡವರಾದ ಮೇಲೆ ಅಂತರ ಬೆಳೆಯುತ್ತೆ. ತಿಂಗಳು ತಿಂಗಳು ಈಸ್ಟ್ರೋಜನ್ ಏರಿ ಇಳಿಯೋದೇ ಕಾರಣ ಅಂತ ಡಾಕ್ಟರುಗಳು ಬಹಳ ಕಾಲದಿಂದ ಹೇಳಿಕೊಂಡು ಬಂದಿದ್ದಾರೆ. ಹಾಗಾದರೆ ನನಗೆ?

ಕ್ಯಾಲಿಫೋರ್ನಿಯಾದ ಸಂಶೋಧಕರು ಸ್ವೀಡನ್ನಿನ ಅವಳಿಗಳ ದಾಖಲೆಯಿಂದ 51,872 ಜನರ ಮಾಹಿತಿ ತೆಗೆದು 2021ರಲ್ಲಿ ಒಂದು ವಿಷಯ ಹೇಳಿದರು. ಅವಳಿ ತಮ್ಮನೋ ಅಣ್ಣನೋ ಇದ್ದ ಗಂಡಸರಿಗಿಂತ, ಅವಳಿ ತಂಗಿಯೋ ಅಕ್ಕನೋ ಇದ್ದ ಗಂಡಸರಿಗೆ ಮೈಗ್ರೇನ್ ಬರುವ ಸಾಧ್ಯತೆ ಶೇಕಡಾ 51ರಷ್ಟು ಹೆಚ್ಚು. ಇಬ್ಬರೂ ಹುಟ್ಟೋ ಮೊದಲು ಇದ್ದ ಜಾಗದ ಹಾರ್ಮೋನುಗಳು ಇದಕ್ಕೆ ಕಾರಣ ಇರಬಹುದು ಅನ್ನೋದು ಅವರ ಊಹೆ. ಅಂದರೆ ಇದರ ಬೀಜ ಗರ್ಭದಲ್ಲೇ ಬಿದ್ದಿರಬಹುದು.

ಓದಿದಾಗ ರಾತ್ರಿ ಹನ್ನೊಂದಾಗಿತ್ತು. ತಂಗಿಗೆ ಮೆಸೇಜ್ ಹಾಕಿದೆ. "ಎಲ್ಲಾ ನಿಂದೇ ಕಿತಾಪತಿ." "ಒಂಬತ್ತು ತಿಂಗಳು ನಿನ್ನ ಒದೆ ತಿಂದೋಳು ನಾನು, ನಂಗೇನ್ ಕೊಡ್ತೀಯ?" ಅಂತ ಉತ್ತರ ಬಂತು.

ಮರುದಿನ ಅವ್ವನಿಗೂ ಫೋನಲ್ಲಿ ಹೇಳಿದೆ. ಅದೇ ತಪ್ಪಾಗಿದ್ದು. ಅವಳು ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ, "ನೀವು ಹೊಟ್ಟೇಲಿದ್ದಾಗ ನಾನೇನಾದ್ರೂ ತಿನ್ನಬಾರದ್ದು ತಿಂದ್ನೇನಪ್ಪಾ?" ಅಂದಳು.

ಎಷ್ಟು ಸಲೀಸಾಗಿ ತಪ್ಪು ತಾಯಿಯ ತಲೆಗೆ ಹೋಗುತ್ತೆ ನೋಡಿ. ಗಡಿಬಿಡಿಯಲ್ಲಿ ವಿವರಿಸಿದೆ. ಅವರು ಯಾರ ಗರ್ಭದಲ್ಲೂ ಹಾರ್ಮೋನು ಅಳೆದಿಲ್ಲವ್ವ, ಅವಳಿಗಳ ಲೆಕ್ಕ ನೋಡಿ ಅಂದಾಜು ಕಟ್ಟಿದ್ದಾರೆ. 51 ಅಂದರೆ ನೂರರಲ್ಲಿ 51 ಜನ ಅಂತ ಅಲ್ಲ. ಲೆಕ್ಕಕ್ಕೆ ಅಂತ ಹಿಡಿ, ಅಲ್ಲಿ ನೂರಕ್ಕೆ ಹತ್ತು ಜನಕ್ಕೆ ಬಂದರೆ ಇಲ್ಲಿ ಹದಿನೈದು. ಇದರಲ್ಲಿ ನೀನು ತಿಂದಿದ್ದು ಬಿಟ್ಟಿದ್ದು ಏನೂ ಇಲ್ಲ. ಮೈಗ್ರೇನ್ ವಂಶದಲ್ಲೂ ಬರುತ್ತೆ, ನಮ್ಮ ಮನೇಲಿ ಬೇರೆ ಯಾರಿಗೂ ಇರಲಿಲ್ಲ, ಅದಕ್ಕೇ...

"ಯಾಕಿಲ್ಲ? ನಂಗೈತಲ್ಲ."

ಈ ಸಲ ಸುಮ್ಮನಾಗಿದ್ದು ನಾನು. ಮೂವತ್ತು ದಾಟಿದ ಮಗನಿಗೆ ಇದು ಹೊಸ ಸುದ್ದಿ! ಸೆರಗು ಬಿಗಿದು ತಲೆಗೆ ಕಟ್ಟಿಕೊಂಡು ಒಲೆ ಮುಂದೆ ಕೂತಿರುತ್ತಿದ್ದ ಅವ್ವ ಕಣ್ಣ ಮುಂದೆ ಬಂದಳು. ಅದು ಹೊಗೆಗೆ, ಬಿಸಿಲಿಗೆ ಅಂದುಕೊಂಡಿದ್ದೆ.

"ಹೇಳಬಾರದಿತ್ತಾ?"

"ಈರುಳ್ಳಿ ಕೀಳೋ ಆಳುಗಳಿಗೆ ಬುತ್ತಿ ಒಯ್ಯೋ ಹೊತ್ತಲ್ಲಿ ಯಾರಿಗೆ ಹೇಳ್ಲಿ? ಹೆಂಗಸರ ತಲೆನೋವು, ಇದ್ದಿದ್ದೇ."

ದೊಡ್ಡಪ್ಪನ ಮಾತನ್ನು ಹದಿನೈದು ವರ್ಷ ನನಗಾದ ಅವಮಾನ ಅಂತಲೇ ಇಟ್ಟುಕೊಂಡಿದ್ದೆ. ಆ ನಗು ಒಳಗಿದ್ದ ಅವ್ವನಿಗೂ ಕೇಳಿಸಿರಬೇಕು.

ಶನಿವಾರ ಊರಿಗೆ ಹೋಗ್ತಿದೀನಿ. ಹಿರಿಯೂರಲ್ಲಿ ಡಾಕ್ಟರ್ ಹತ್ತಿರ ಎರಡು ಚೀಟಿ ಮಾಡಿಸಬೇಕು. ಆಫೀಸಿಗೆ ಹಾಕಿದ ರಜೆಯಲ್ಲಿ ಈ ಸಲ ಮೈಗ್ರೇನ್ ಅಂತಲೇ ಬರೆದಿದ್ದೀನಿ.